ಆಟಕ್ಕುಂಟು

ಮಂಗಳವಾರ ಮೂರು ಗಂಟೆಗೆ
ಹ್ಯಾಲಿಫ್ಯಾಕ್ಸಿನ ಹನ್ನೊಂದನೆಯ ಮಹಡಿಯಲ್ಲಿ
ನನ್ನನ್ನು ಬೀಳ್ಕೊಟ್ಟರು.
ಕೇಕಿನ ಮೇಲೆ ನನ್ನ ಹೆಸರು, ಒಂದಕ್ಷರ ಕಮ್ಮಿ.
ಹೋಗಲಿ, ತಿಂದರೆ ಅಳಿಯುವ ತಪ್ಪಿಗೆ
ತಿದ್ದುಪಡಿ ಯಾಕೆ?

ಮೂವತ್ತೊಂದು ವರ್ಷ ಜೀವವಿಮೆಯ ಕಂಪನಿಯಲ್ಲಿ
ಸಾವಿನ ಲೆಕ್ಕ ಬರೆದವಳು ನಾನು.
ಅರವತ್ತು ದಾಟಿದ, ಸಿಗರೇಟು ಸೇದುವ
ಒಂದು ಲಕ್ಷ ಗಂಡಸರಲ್ಲಿ
ಬರುವ ವರ್ಷ ಎಷ್ಟು ಮಂದಿ ಇರುವುದಿಲ್ಲವೆಂದು
ಕಣ್ಣು ಮುಚ್ಚಿ ಹೇಳಬಲ್ಲೆ.
ಯಾರು ಯಾರು ಅಂತ ಮಾತ್ರ ಹೇಳಲಾರೆ.
ಕೇಳಿದವರೂ ಇಲ್ಲ.

"ಇನ್ನು ಆರಾಮಾಗಿರು ವರ್ನಾ" ಅಂದರು ದೊಡ್ಡ ಸಾಹೇಬರು,
"ತೋಟ ಮಾಡು, ಗಾಳ ಹಾಕು."
ನಾನು ಗಡಿಯಾರ ನೋಡುತ್ತಿದ್ದೆ.
ಏಳಕ್ಕೆ ನಮ್ಮೂರ ಪುರಸಭೆ.
ಚರಂಡಿ ಕೊಳವೆ, ಎರಡನೆಯ ಓದು.
ನಡುವೆ ನೂರು ಕಿಲೋಮೀಟರು ಮಂಜು.

ಹದಿನಾರು ವರ್ಷದಿಂದ ಹೀಗೇ:
ಹಗಲು ಸಂಬಳಕ್ಕೆ, ಸಂಜೆ ಸುಮ್ಮನೆ.
ನಾಲ್ಕು ಪುಟದ ವಾರಪತ್ರಿಕೆ,
ಬಲೆ ರಿಪೇರಿ ಅಂಗಡಿಯ ಹಿಂದಿನ ಕೋಣೆ.
ಸಂಪಾದಕ ಕ್ಲೇಟನ್ ಮಾಸ್‌ಮನ್ ಕೊಡುವ ಸಂಭಾವನೆ
ಕ್ರಿಸ್‌ಮಸ್ಸಿಗೆ ಎರಡು ಲಾಬ್‌ಸ್ಟರ್,
ವರ್ಷವಿಡೀ ಒಂದೇ ಉಪದೇಶ:
"ಉಪ್ಪು ಖಾರ ಹಚ್ಚಬೇಡ ತಾಯಿ,
ಈ ಊರಿನ ಗಾಳಿಯಲ್ಲೇ ಉಪ್ಪಿದೆ."

ಆಫೀಸಿನಲ್ಲಿ ಇದು ನನ್ನ ಹುಚ್ಚು.
ಊರಲ್ಲಿ ನಾನು ಪೇಟೆಗೆ ಹೋಗಿಬರುವ ದೊಡ್ಡ ನೌಕರಿಯವಳು.
ಎರಡೂ ಕಡೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಏನು ಬರೆದೆ ಇಷ್ಟು ವರ್ಷ?
ಬಂದರಿನ ಐಸ್ ಯಂತ್ರ ಕೆಟ್ಟದ್ದು. ಸರಿಹೋದದ್ದು.
ಮತ್ತೆ ಕೆಟ್ಟದ್ದು.
ಅಗ್ನಿಶಾಮಕ ದಳದ ಊಟಕ್ಕೆ ಇನ್ನೂರ ಹನ್ನೆರಡು ತಟ್ಟೆ.
ಶಾಲೆಯ ಬಸ್ಸು ಒಂದು ತಿರುವು ಬಿಟ್ಟು
ನಾಲ್ಕು ಮಕ್ಕಳು ಕತ್ತಲಲ್ಲಿ ನಡೆದದ್ದು,
ಅಚ್ಚಾದ ಮರುವಾರ ಬಸ್ಸು ತಿರುಗಿದ್ದು.
(ಅದೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.
ಯಾರಿಗೂ ಹೇಳಿಲ್ಲ.)

ಆರು ಐವತ್ತೆಂಟಕ್ಕೆ ಒಳಗೆ ಬಂದೆ,
ಕೋಟಿನ ತೋಳಿಗಿನ್ನೂ ಕೇಕಿನ ಕೆನೆ.
ಸದಸ್ಯರು ಐವರು, ಕುರ್ಚಿ ನಲವತ್ತು.
ರೇಡಿಯೇಟರಿನ ಪಕ್ಕದ್ದು ಬೇಸಿಲ್ ಕಾರ್ಕಮ್‌ನದು,
ಯಾವ ಸಭೆಯನ್ನೂ ತಪ್ಪಿಸದೆ
ಒಂದೇ ಪ್ರಶ್ನೆ ಕೇಳುವವನು: "ದುಡ್ಡು ಯಾರದು?"
ಖಾಲಿ.
ಗುಮಾಸ್ತೆ ಐರೀನ್ ಬಗ್ಗಿ ಹೇಳಿದಳು:
ಭಾನುವಾರ, ನಿದ್ದೆಯಲ್ಲಿ.

ಅರವತ್ತೆಂಟು. ಸಿಗರೇಟು.
ನನ್ನ ಕೋಷ್ಟಕದಲ್ಲಿ ಅವನು
ಸರಿಯಾದ ಮನೆಯಲ್ಲೇ ಕೂತಿದ್ದ.

ನಡಾವಳಿಯಲ್ಲಿ 'ಸಾರ್ವಜನಿಕರು' ಎಂಬಲ್ಲಿ
ಐರೀನ್ ಸೊನ್ನೆ ಬರೆಯಹೋಗಿ, ನನ್ನನ್ನು ನೋಡಿ,
ಜಾಗ ಬಿಟ್ಟಳು.
ಕೊಳವೆ ಐದಕ್ಕೆ ಐದು ಮತದಲ್ಲಿ ಪಾಸಾಯಿತು.
ದುಡ್ಡು ಯಾರದೆಂದು ಯಾರೂ ಕೇಳಲಿಲ್ಲ.
ನಾನು ಕೇಳುವಂತಿಲ್ಲ, ಬರೆಯುವವಳು.
ಯಾರೂ ಕೇಳಲಿಲ್ಲ ಎಂದು ಬರೆದುಕೊಂಡೆ.

ಬುಧವಾರ.
ಅಲಾರಾಂ ಹಳೆ ಚಾಳಿಯಲ್ಲಿ ಐದಕ್ಕೇ ಕೂಗಿತು.
ಹತ್ತಕ್ಕೆ ಬೇಸಿಲ್‌ನ ಅಕ್ಕ ಮೆಲ್ಬಾಳ ಅಡುಗೆಮನೆ.
ಅವಳು ಚಹಾ ಸುರಿದಳು, ಅವನ ಬಟ್ಟಲಿಗೂ ಸುರಿದು
ಗಮನಿಸಿ, ಏನೂ ಅನ್ನದೆ, ತಾನೇ ಕುಡಿದಳು.
ಹುಟ್ಟಿದ್ದು? ಕಡಲು ಹೆಪ್ಪುಗಟ್ಟಿದ ವರ್ಷದ ಮಾರ್ಚಿ.
ಕೆಲಸ? ಕಡಲು.
ಮದುವೆ? ಅವಳು ಕಿಟಕಿಯತ್ತ ನೋಡಿದಳು,
ನಾನು ಆ ಸಾಲು ದಾಟಿದೆ.
"ನೀನು ಬರೆದದ್ದನ್ನ ಒಲೆ ಮುಂದೆ ಗಟ್ಟಿಯಾಗಿ ಓದ್ತಿದ್ದ.
ತಪ್ಪು ಸಿಕ್ಕಿದ ದಿನ ಅವನಿಗೆ ಹಬ್ಬ."

ದೋಣಿಯ ಹೆಸರು?
"ಜೊಹಾನ್ನಾ."
ಬರೆದೆ. ತಿರುಗಿಸಿ ತೋರಿಸಿದೆ.
ಕನ್ನಡಕ ಹುಡುಕಿ, ಸೆರಗಿಲ್ಲದ ಏಪ್ರನ್ನಿನಲ್ಲಿ ಒರೆಸಿ,
ಹಾಕಿಕೊಂಡು ತಲೆಯಾಡಿಸಿದಳು.
"ಎರಡು ಎನ್, ವರ್ನಾ.
ಆವತ್ತು ಐಸ್ ಯಂತ್ರದ ಸುದ್ದಿಯಲ್ಲೂ ಒಂದೇ ಹಾಕಿದ್ದೆ,
ವಾರವಿಡೀ ಗೊಣಗಿದ.
ಈ ಸಲ ಒತ್ತಿ ಬರೆ."