ಮನೆ ನಂಬರು ಇನ್ನೂರ ಹನ್ನೆರಡು

ಶಿವರಾತ್ರಿ ಕಳೆದು ಹತ್ತನೇ ದಿನ, ಮೂವತ್ತೊಂದನೇ ಇಸವಿ.
ಕಿಕ್ಕೇರಿಯ ಬಾಗಿಲು ಬಾಗಿಲಿಗೂ ಕೆಮ್ಮಣ್ಣಿನ ನಂಬರು.
‘ಇವತ್ತು ರಾತ್ರಿ ಯಾರೂ ಹೊಸ್ತಿಲು ದಾಟಂಗಿಲ್ಲ,
ಖಾನೇಷುಮಾರಿ, ತಲೆ ಎಣಿಸ್ತಾರೆ!’
ತಳವಾರ ಸಾರಿ ಹೋದ.
‘ಎಣಿಸ್ಕೊಂಡು ಎತ್ಕೊಂಡೋಗ್ತಾರಾ?’ ಅಂದ ನಮ್ಮಜ್ಜಿ
ತನ್ನ ತಲೆಯನ್ನು ಸೆರಗಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಳು.

ನಾನು ಮಡಿವಾಳರ ನಂಜಿ. ಒಂಬತ್ತು ವರ್ಷ.
ಕೆರೆ ಏರಿಯ ಕೆಳಗೆ ನಮ್ಮದು ಇನ್ನೂರ ಹನ್ನೊಂದು.
ಪಕ್ಕದ ಕೊಟ್ಟಿಗೆಗೂ, ಯಾಕೋ, ಬರೆದಿದ್ದರು ಇನ್ನೂರ ಹನ್ನೆರಡು.
ಅದರೊಳಗೆ ಭಾರಪ್ಪ.
ಭಾರಪ್ಪ ನಮ್ಮ ಕತ್ತೆ.

ತಿರುನಾರಾಯಣ ಮೇಷ್ಟ್ರು ಬಂದರು, ಕೈಲಿ ಕಂದೀಲು.
ಕನ್ನಡಕದ ಎಡಗಾಜು ಬೆಳಿಗ್ಗೆ ತಾನೆ ಒಡೆದಿತ್ತು,
ಬಲಗಾಜಿಗೆ ಹೊಗೆ.
ಒಳಗೆ ಶೇಕದಾರರ ಜರಿಪಂಚೆ
ಭಾರಪ್ಪನ ಬೆನ್ನ ಮೇಲೆ ಆರುತ್ತಿತ್ತು.
‘ಯಾರಮ್ಮ ಅದು, ಪಂಚೆ ಹೊದ್ದು ನಿಂತಿರೋರು?’
‘ಭಾರಪ್ಪ, ಬುದ್ಧಿ.’
ಸುಳ್ಳು ಹೇಳಲಿಲ್ಲ ನಾನು. ಒಂದೂ ಸುಳ್ಳು ಹೇಳಲಿಲ್ಲ.

‘ತಂದೆ ಹೆಸರು?’
‘ಗೊತ್ತಿಲ್ಲ ಬುದ್ಧಿ, ತೆಂಡೇಕೆರೆ ಸಂತೇಲಿ ತಂದಿದ್ದು.’
ಅಯ್ಯೋ ಪಾಪ ಅಂದು ಬರೆದರು: ದತ್ತು.
‘ಮದುವೆ?’ ‘ಹತ್ರ ಹೋದ್ರೆ ಒದೀತಾನೆ.’
ಬರೆದರು: ಇಲ್ಲ.
‘ಕಸುಬು?’ ‘ಬಟ್ಟೆ ಹೊರೋದು.’
ಬರೆದರು: ಜವಳಿ ಸಾಗಾಣಿಕೆ.
‘ಓದು?’ ‘ಕಾಗದ ಸಿಕ್ರೆ ಪೂರ್ತಿ ಮುಗಿಸೋಗಂಟ ಬಿಡಲ್ಲ.’
ಮೇಷ್ಟ್ರ ಮುಖ ಅರಳಿತು. ಊರಲ್ಲಿ ಓದೋರು ಅಷ್ಟು ಅಪರೂಪ.
‘ಮಾತೃಭಾಷೆ?’
ನಾನು ಬಾಯಿ ತೆರೆಯುವ ಮೊದಲೇ ಭಾರಪ್ಪ ಉತ್ತರ ಕೊಟ್ಟ.
ಏರಿ ಮೇಲಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು.
‘ಕೆಮ್ಮು ಜಾಸ್ತಿಯಾಗಿದೆ, ಶುಂಠಿ ಕಷಾಯ ಕೊಡಿ,’
ಅಂದ ಮೇಷ್ಟ್ರು ಬರೆದರು: ಕನ್ನಡ.

ಲೆಕ್ಕ ಮೈಸೂರಿಗೆ ಹೋಯಿತು, ತಿರುಗಿ ಬಂತು.
ಕಿಕ್ಕೇರಿ: ಐದು ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.
ಐದು ಸಾವಿರ ಅಂದಮೇಲೆ ಹಳ್ಳಿಯಲ್ಲ ಕಣಪ್ಪ, ಪಟ್ಟಣ!
ಬಂತು ಬೀದಿಗೊಂದು ದೀಪ, ಬಂತು ಓದುವ ಕೋಣೆ,
ಬೆಂಚು ಎರಡು, ಪತ್ರಿಕೆ ಒಂದು, ಜಗಳ ನೂರು.
ಹಿಂದೆಯೇ ಬಂತು ಕಂದಾಯದ ನೋಟೀಸು:
‘ಶ್ರೀಮಾನ್ ಭಾರಪ್ಪನವರಿಗೆ,
ಒಂದು ರೂಪಾಯಿ ನಾಲ್ಕಾಣೆ.’

ಅಪ್ಪ ಓದಿಸಿಕೊಂಡ. ಕೂತ. ನನ್ನ ಕಡೆ ನೋಡಿದ.
ನಾನು ಕೆರೆ ಕಡೆ ನೋಡಿದೆ.
ನಿಜ ಹೇಳಿದರೆ ಒಂದು ತಲೆ ಕಮ್ಮಿ:
ದೀಪ ಹೋಯ್ತು, ಬೆಂಚು ಹೋಯ್ತು, ಮೇಷ್ಟ್ರ ಮಾನ ಹೋಯ್ತು.
ಆ ರಾತ್ರಿ ಊರಿಗೆ ಊರೇ ಪಿಸುಗುಟ್ಟಿತು.
ಗಾಣದ ಜವರಶೆಟ್ಟರು ಎರಡಾಣೆ, ಅತ್ತರಿನ ಕರೀಂ ಸಾಬರು ಎರಡಾಣೆ,
ನಮ್ಮಜ್ಜಿ ತಲೆಯ ಗಂಟು ಬಿಚ್ಚಿ ಮೂರು ಕಾಸು.
ಭಾರಪ್ಪ ಕಂದಾಯ ಕಟ್ಟಿದ.
ರಶೀದಿ ತಂದು ತೋರಿಸಿದೆವು,
ನಿಂತ ನಿಲುವಿನಲ್ಲೇ ಓದಿ ಮುಗಿಸಿದ.

ಹತ್ತು ವರ್ಷ ಹೀಗೇ.
ಹೊರೆ ಹೇರುವಾಗ ಅಪ್ಪ ತಗ್ಗಿದ ದನಿಯಲ್ಲಿ
‘ಒಸಿ ಬಗ್ಗಿ, ಬುದ್ಧಿ’ ಅನ್ನುತ್ತಿದ್ದ.

ಮುಂದಿನ ಎಣಿಕೆಗೆ ಬಂದಾಗ ಮೇಷ್ಟ್ರಿಗೆ ಹೊಸ ಕನ್ನಡಕ.
ಕೊಟ್ಟಿಗೆ ಖಾಲಿ.
ಗೂಟ ನೋಡಿದರು, ಹಗ್ಗ ನೋಡಿದರು,
ನೆಲದಲ್ಲಿ ಗೊರಸಿನ ಗುರುತು ನೋಡಿದರು,
ಆಮೇಲೆ, ತುಂಬ ಹೊತ್ತು, ನನ್ನನ್ನು.
‘ನಂಜಮ್ಮ, ಆ ಕೆಮ್ಮು ವಾಸಿಯಾಗಲೇ ಇಲ್ವಾ?’
‘ಇಲ್ಲ, ಬುದ್ಧಿ.’
ಪೆನ್ಸಿಲು ನಾಲಗೆಗೆ ಒತ್ತಿ ಒಂದು ಸಾಲು ಬರೆದರು.
ನನಗೆ ಆಗ ಓದು ಬರುತ್ತಿತ್ತು,
ಆ ಬೆಂಚಿನ ಮೇಲೇ ಕಲಿತದ್ದು:
‘ಅಕ್ಷರಸ್ಥರಲ್ಲಿ ಒಬ್ಬರು ಕಮ್ಮಿ.’