ಹನ್ನೊಂದನೆಯ ಬೆರಳು

ಲೆಂತೀನಿಯ ರಾತ್ರಿಶಾಲೆ. ಹೊರಗೆ ಕಿತ್ತಳೆ ತುಂಬಿದ ಲಾರಿಗಳು
ಹಿಂದೆ ಹಿಂದೆ ಸರಿಯುವ ಸದ್ದು.
ಕರಿಹಲಗೆಯ ಮೇಲೆ ಹದಿನಾಲ್ಕು ಸಾಲು,
ಏಳು ಶತಮಾನ ಹಳೆಯ ಒಲವು.
ಬರೆದವನ ಹೆಸರಿಲ್ಲ, ಬರೆಸಿಕೊಂಡವಳದೂ ಇಲ್ಲ.

"ಅರ್ಥ ಆಮೇಲೆ," ಅಂದರು ಎರ್ಸೀಲಿಯಾ ಟೀಚರು,
"ಮೊದಲು ಎಣಿಸಿ."

ಎಣಿಸಿದೆವು. ಸಾಲಿಗೆ ಹನ್ನೊಂದು.
ಹತ್ತಕ್ಕೆ ಬೆರಳು ಮುಗಿದು
ಮತ್ತೊಂದು ಅಕ್ಷರ ತುಟಿಯಲ್ಲೇ ನಿಂತಿತ್ತು,
ಕೊನೆಯ ಬಸ್ಸು ತಪ್ಪಿದವಳಂತೆ.

ನುನ್ಸಿಯೋಗೆ ಒಂಬತ್ತಕ್ಕೇ ಮುಗಿಯಿತು.
ಒಂದನ್ನು ಪೆಟ್ಟಿಗೆ ಕಟ್ಟುವ ಯಂತ್ರ
ಹೋದ ಜನವರಿಯಲ್ಲಿ ಇಟ್ಟುಕೊಂಡಿತ್ತು.
ಮತ್ತೆ ಎಣಿಸಿದ. ಮತ್ತೆ ತಪ್ಪಿದ.
ಸಾಲೇ ತಪ್ಪು ಅಂದ.

ಟೀಚರು ಸಂಧಿ ತೋರಿಸಿದರು:
ಈ ಪದದ ಬಾಲದಲ್ಲೊಂದು ಸ್ವರ, ಮುಂದಿನದರ ತಲೆಯಲ್ಲೊಂದು,
ಎರಡಕ್ಕೂ ಸೇರಿ ಒಂದೇ ಉಸಿರು.
"ಬರೆದಾಗ ಎರಡೂ ಇರುತ್ತವೆ. ಅಂದಾಗ
ಯಾವುದು ಯಾವುದರೊಳಗೆ ಹೋಯಿತೆಂದು ಕೇಳಬೇಡಿ."
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಆಮೇಲೆ ಪ್ರಾಸ. ಮೊದಲ ಎಂಟು ಸಾಲಿಗೆ ಎರಡೇ ಸದ್ದು,
ಓರೆ, ಏಂತೆ, ಓರೆ, ಏಂತೆ:
ಸರಿಯುವ ಪಟ್ಟಿಯ ಮೇಲೆ
ದೊಡ್ಡ ಹಣ್ಣು, ಸಣ್ಣ ಹಣ್ಣು, ದೊಡ್ಡದು, ಸಣ್ಣದು.
ಎಂಟು ತಾಸು ಅದನ್ನೇ ನೋಡಿ ಬಂದವಳು ನಾನು,
ಕಣ್ಣು ಹತ್ತಿತು.

"ಏಳಿ! ಒಲವಿನ ಪದ್ಯ, ಎಂಟು ಸಾಲು ಕಳೆದರೂ
ತುಟಿಗೆ ತುಟಿ ತಾಗುವ ಅಕ್ಷರ ಒಂದಾದರೂ ಇದೆಯೇ?
ಪ ಇಲ್ಲ, ಬ ಇಲ್ಲ, ಮ ಇಲ್ಲ.
ಪ್ರೀತಿ ಅನ್ನಲು ನಮಗೆ ಮ ಬೇಕೇ ಬೇಕು.
ಅದರ ಸುತ್ತಲೇ ಸುತ್ತಿದ್ದಾನೆ, ಕಳ್ಳ."

ಒಂಬತ್ತನೆಯ ಸಾಲು ತಿರುಗುತ್ತದೆ.
ನಮ್ಮ ಭಾಷೆಯ 'ಆದರೆ' ಒಂದೇ ಅಕ್ಷರ:
ಮಾ.
ಅನ್ನಿ ಅಂದರು. ಅಂದೆವು.
ಇಪ್ಪತ್ತು ಜೊತೆ ದಣಿದ ತುಟಿಗಳು
ಒಮ್ಮೆಗೇ ಕೂಡಿ, ಬಿಟ್ಟವು.

ಅರ್ಥಕ್ಕೆ ಹೊತ್ತು ಉಳಿಯಲಿಲ್ಲ. ಕಾವಲಿನವನು
ಓಣಿಯ ದೀಪ ಒಂದೊಂದೇ ಆರಿಸುತ್ತ ಬಂದ.
ನುನ್ಸಿಯೋ ಇನ್ನೂ ಆ ಒಂಬತ್ತನೆಯ ಸಾಲಲ್ಲೇ ಇದ್ದ,
ಡೆಸ್ಕಿನ ಮೇಲೆ ಮೆಲ್ಲಗೆ ಬೆರಳು ಕುಟ್ಟುತ್ತ;
ಒಂಬತ್ತಕ್ಕೆ ನಿಂತ.

ನಾನು ಎರಡು ಬೆರಳು ಮುಂದಿಟ್ಟೆ,
ಎಷ್ಟು ತೊಳೆದರೂ ಸಿಪ್ಪೆಯ ಘಾಟು ಬಿಡದವು.
ಹತ್ತು.
ಹನ್ನೊಂದು.

"ಸಾಲು ಸರಿಯಾಗಿಯೇ ಇದೆ," ಅಂದ, ನನ್ನತ್ತ ನೋಡದೆ.
"ತೆಗೀಬೇಡ. ಇನ್ನೂ ಐದು ಇವೆ."