ಅರ್ಧ ಜೊತೆ

ಹಳೇ ಶೂ ತಂದಿದ್ದೀರಾ?
ಮೂವತ್ತೊಂದು ವರ್ಷದಿಂದ ನನ್ನ ಮೊದಲ ಪ್ರಶ್ನೆ ಅದೇ.
ಪರಾನಾ ಊರಿನಲ್ಲಿ, ನದಿಗೆ ಇಳಿಯುವ ಬೀದಿಯಲ್ಲಿ ನನ್ನ ಅಂಗಡಿ.
ಬೆಲೆಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ.
ಸೋಮವಾರದ ಬೆಲೆ ಗುರುವಾರಕ್ಕೆ ಹಳಸುವ ದೇಶ ಇದು.

ಕೆಲವರು ಅಂಗೈ ನೋಡಿ ಹೇಳುತ್ತಾರೆ, ನಾನು ಅಟ್ಟೆ ನೋಡಿ.
ಹಿಮ್ಮಡಿಯ ಹೊರ ಅಂಚು ತೇದಿದ್ದರೆ
ಚೆಂಡು ಹೊರಟ ಮೇಲೆ ಹೊರಡುವವರು.
ಒಳ ಅಂಚು ತೇದಿದ್ದರೆ ಚಪ್ಪಟೆ ಪಾದ, ರಾತ್ರಿ ಮೊಣಕಾಲು ನೋವು.
ಎಲ್ಲೂ ಸವೆಯದೆ ಬಿಳಿ ಮಾತ್ರ ಹಳದಿಯಾಗಿದ್ದರೆ
ಕ್ಲಬ್ಬಿಗೆ ಹೋಗುವುದು ಕಾಫಿಗೆ.
ಅಂಥವರಿಗೆ ದುಬಾರಿಯದನ್ನೇ ತೋರಿಸುತ್ತೇನೆ, ಪಾಪವೇನೂ ಇಲ್ಲ.

ಜುಲೈ ಚಳಿಯಲ್ಲಿ ಬಂದರು ಸುಬೆಲ್ದಿಯಾ ಮನೆಯ ಅವಳಿಗಳು,
ನೆರೆಯಾ ಮತ್ತು ಐನಾರಾ.
ಅಪ್ಪ ಕ್ಲಬ್ಬಿನಲ್ಲಿ ಇಟ್ಟಿಗೆಪುಡಿಯ ಅಂಕಣಕ್ಕೆ ನೀರು ಚಿಮುಕಿಸಿ
ಚಾಪೆ ಎಳೆದು ಗೆರೆ ಗುಡಿಸುವವನು.
ಅವನು ಎಣಿಸಿ ಕೊಟ್ಟ ನೋಟು ಲಕೋಟೆಯಲ್ಲಿ,
ಹಳೇ ಶೂ ಬ್ರೆಡ್ಡಿನ ಚೀಲದಲ್ಲಿ.

ತಿರುಗಿಸಿ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ.
ಸರ್ವ್ ಮಾಡುವಾಗ ಒಂದು ಕಾಲು ನೆಲ ಗೀರುತ್ತದೆ,
ಬಲಗೈಯವರಿಗೆ ಬಲದ್ದು, ಎಡಚರಿಗೆ ಎಡದ್ದು.
ಇಲ್ಲಿ ಎರಡೂ ತುದಿ ಸಮನಾಗಿ ತೂತು.
‘ಎರಡು ಕೈಯಲ್ಲೂ ಸರ್ವ್ ಮಾಡುವ ಮಹಾತಾಯಿ ಯಾರಮ್ಮಾ?’
ಇಬ್ಬರೂ ನಕ್ಕರು. ಆಮೇಲೆ ನಗಲಿಲ್ಲ.

ಬೆಳಿಗ್ಗೆ ನೆರೆಯಾ, ಸಂಜೆ ಐನಾರಾ,
ಒಬ್ಬಳ ಬೆವರು ಆರುವ ಮೊದಲೇ ಇನ್ನೊಬ್ಬಳ ಕಾಲು ಒಳಗೆ.
ಎರಡು ವರ್ಷ ಹಾಗೇ ನಡೆಯಿತಂತೆ.
ಈ ಶನಿವಾರ ಮಾತ್ರ ಚೀಟಿ ಎತ್ತಿದಾಗ
ಒಬ್ಬಳೆದುರು ಇನ್ನೊಬ್ಬಳ ಹೆಸರು ಬಂತು.
ಒಂದೇ ಅಂಕಣ, ಒಂದೇ ಹೊತ್ತು.

ಪೆಟ್ಟಿಗೆಗಳನ್ನು ಇಳಿಸಿದೆ.
ನೀಲಿಯದು ಹಪ್ಪಳದಷ್ಟು ಹಗುರ, ಬಾಳಿಕೆಯೂ ಹಪ್ಪಳದ್ದೇ.
ಬೂದಿಯದು ಎಮ್ಮೆ, ಮೂತಿಗೆ ರಬ್ಬರಿನ ಕವಚ,
ಆರು ತಿಂಗಳಿಗೆ ನಾನು ಹೊಣೆ.
ಅಗ್ಗದ್ದೊಂದಿದೆ, ಸಿಮೆಂಟು ನೆಲಕ್ಕೆ ಮಾಡಿದ್ದು,
ಮೀನಿನ ಮುಳ್ಳಿನ ಗೆರೆಗಳಿಲ್ಲ ಅಡಿಯಲ್ಲಿ,
ಕೆಂಪು ಪುಡಿಯ ಮೇಲೆ ಅದು ಸಾಬೂನು.
ನೆರೆಯಾಗೆ ನೀಲಿಯೇ ಬೇಕು. ಐನಾರಾಗೆ ಎಮ್ಮೆ.
ಲಕೋಟೆಯಲ್ಲಿ ಒಂದೇ ಜೊತೆಯ ದುಡ್ಡು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಒಂದು ಹಾಸಿಗೆಗೆ ನಾಲ್ಕು ಕಾಲಾದರೆ?

ಮಾತೆ ಕುಡಿಯುತ್ತಾ ಕೂತೆ, ಕೊಳವೆ ಗೊರಗುಟ್ಟುವವರೆಗೆ.
ಅವರು ಜಗಳವಾಡುತ್ತಲೇ ಇದ್ದರು, ಪಿಸುಮಾತಿನಲ್ಲಿ,
ಒಬ್ಬಳ ಜಡೆ ಇನ್ನೊಬ್ಬಳ ಮುಷ್ಟಿಯಲ್ಲಿ.
ಆಗ ತಲೆಗೆ ಬಂತು:
ಬಲಗೈಯವಳಿಗೆ ಬೇಕಾದ್ದು ಹೊಸ ಬಲ.
ಎಡಚಿಗೆ ಹೊಸ ಎಡ.
ಉಳಿದ ಕಾಲಿಗೆ ಹಳೆಯದೇ ಸಾಕು,
ತುದಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿಕೊಡುತ್ತೇನೆ.

ಹಾಗೆಂದ ಮೇಲೆ ನೀಲಿಯೂ ಇಲ್ಲ, ಬೂದಿಯೂ ಇಲ್ಲ.
ಅಟ್ಟೆಯ ಎತ್ತರ ಹಳೆಯದಕ್ಕೆ ಹೊಂದದಿದ್ದರೆ ಸೊಂಟ ಹಿಡಿಯುತ್ತದೆ.
ಅದೇ ಮಾದರಿಯೇ ಬೇಕು, ಅದು ಈಗ ಬರುವುದು ನಿಂತಿದೆ.
ಏಣಿ ಹತ್ತಿ, ಸೀನಿ, ಒಂದು ತಾಸು ಹುಡುಕಿ
ಅಟ್ಟದ ಮೂಲೆಯಿಂದ ಕೊನೆಯ ಜೊತೆ ತೆಗೆದೆ.
ಪೆಟ್ಟಿಗೆ ಮೇಲಿನ ಪೆನ್ಸಿಲ್ ಬೆಲೆ
ಈಗ ಒಂದು ಲೇಸಿಗೂ ಸಾಲದು.
ಅದನ್ನೇ ತೆಗೆದುಕೊಂಡೆ. ಹೆಂಡತಿಗೆ ಹೇಳಿಲ್ಲ.

ಶನಿವಾರ ಅಂಗಡಿ ಮುಚ್ಚಿ ಹೋದೆ.
ಬೇಲಿಯ ಆಚೆ ನಾಲ್ಕು ಶೂ, ಎರಡು ಬಿಳಿ, ಎರಡು ಇಟ್ಟಿಗೆ ಬಣ್ಣ,
ಯಾರು ಯಾರೆಂದು ನನಗೆ ಕಾಲಿನಿಂದ ಗೊತ್ತು.
ಮೂರನೇ ಸೆಟ್ಟಿನ ಹೊತ್ತಿಗೆ ನಾಲ್ಕೂ ಒಂದೇ ಬಣ್ಣ.
ಅಪ್ಪ ಚಾಪೆ ಹಿಡಿದು ನಿಂತಿದ್ದ, ಯಾರಿಗೂ ಚಪ್ಪಾಳೆ ತಟ್ಟದೆ.

ಸೋಮವಾರ ಬಾಗಿಲು ತೆರೆಯುವ ಮೊದಲೇ
ಐನಾರಾ ಮೆಟ್ಟಿಲ ಮೇಲೆ, ಕೈಯಲ್ಲಿ ಎಡಗಾಲಿನದೊಂದೇ:
‘ಇದು ಕಚ್ಚುತ್ತದೆ, ಫೆರ್ಮಿನ್ ಮಾಮಾ.
ಅರ್ಧ ದುಡ್ಡು ವಾಪಸ್ ಕೊಡಿ.’
ತಿರುಗಿಸಿ ನೋಡಿದೆ. ಕಚ್ಚುವ ಶೂ ಅಲ್ಲ ಅದು.
ಕುರ್ಚಿ ಎಳೆದು ಕೂರಿಸಿದೆ, ಇನ್ನೊಂದು ಮಾತೆ ಬೆರೆಸಿದೆ.
ಸೋತ ಕಾಲಿಗೆ ಎಷ್ಟನೇ ನಂಬರು ಕೊಡುವುದು,
ಅದೊಂದು ನನಗಿನ್ನೂ ತಿಳಿದಿಲ್ಲ.